ಮೊದಲ ಕವರ್‌ನಲ್ಲೇ ಹೊರಬೀಳದಿರಲು: ಸಣ್ಣ ಘಟಕಗಳಿಗೆ ಸರ್ಕಾರಿ ಟೆಂಡರ್‌ನ ಸಮಗ್ರ ಮಾರ್ಗದರ್ಶಿ

ಟೆಂಡರ್ ಸೋತವರನ್ನು ಕೇಳಿದರೆ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: "ನಮ್ಮ ರೇಟ್ ಜಾಸ್ತಿ ಆಯ್ತು." ಆದರೆ ಅವರ ಫೈಲ್ ತೆಗೆದು ನೋಡಿದರೆ, ರೇಟ್ ಇದ್ದ ಎರಡನೇ ಕವರ್ ಎಷ್ಟೋ ಸಲ ತೆರೆದೇ ಇರುವುದಿಲ್ಲ. ಮೊದಲ ಕವರ್‌ನಲ್ಲಿ, ಅಂದರೆ ಟೆಕ್ನಿಕಲ್ ಬಿಡ್‌ನಲ್ಲಿ, ಯಾವುದೋ ಒಂದು ಕಾಗದ ಇಲ್ಲದೆ ಬಿಡ್ ಬಿದ್ದಿರುತ್ತದೆ. ಪೀಣ್ಯದ ಸಣ್ಣ ಘಟಕಗಳಿಗೆ ಬಿಡ್ ಪೇಪರ್ ಜೋಡಿಸಿಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಮಾಲು ಚೆನ್ನಾಗಿರುತ್ತದೆ, ರೇಟೂ ಸರಿ ಇರುತ್ತದೆ, ಆದರೆ ಕೆಲಸ ಶುರು ಮಾಡಿದ ಕ್ರಮ ತಪ್ಪಿರುತ್ತದೆ.

ಟೆಂಡರ್ ಪ್ರಕಟವಾದ ಮೇಲೆ ಓಡಾಡುವವರಿಗೆ ದಿನ ಸಾಲುವುದಿಲ್ಲ. ಕೆಳಗಿನ ಹತ್ತು ಹಂತಗಳಲ್ಲಿ ಮೊದಲ ನಾಲ್ಕನ್ನು ಯಾವ ಟೆಂಡರೂ ಕೈಯಲ್ಲಿ ಇಲ್ಲದಾಗಲೇ ಮುಗಿಸಿಡಿ.

ಹಂತ 1: ನಿಮ್ಮ ಗಿರಾಕಿ ಯಾವ ಪೋರ್ಟಲ್‌ನಲ್ಲಿ ಕೊಳ್ಳುತ್ತಾರೆ ನೋಡಿ

ರಾಜ್ಯದ ಇಲಾಖೆ, ನಿಗಮ, ಪಾಲಿಕೆ, ಬೆಸ್ಕಾಂ, ಜಲಮಂಡಳಿ ಮುಂತಾದವರ ಟೆಂಡರ್ ಬರುವುದು ರಾಜ್ಯ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಇವಕ್ಕೆ ಅನ್ವಯಿಸುವುದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ. ಕೇಂದ್ರದ ಇಲಾಖೆಗಳು, ಎಚ್‌ಎಎಲ್, ಬಿಇಎಲ್‌ನಂಥ ಕೇಂದ್ರ ಉದ್ದಿಮೆಗಳು ಸಾಮಾನ್ಯ ಸರಕುಗಳನ್ನು ಹೆಚ್ಚಾಗಿ ಕೇಂದ್ರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್‌ನಲ್ಲಿ ಕೊಳ್ಳುತ್ತವೆ. ದೊಡ್ಡ ಅಥವಾ ವಿಶೇಷ ಖರೀದಿಗೆ ಕೇಂದ್ರದ ಟೆಂಡರ್ ಪೋರ್ಟಲ್ ಸಿಪಿಪಿಪಿ ಅಥವಾ ತಮ್ಮದೇ ಪೋರ್ಟಲ್ ಬಳಸುತ್ತವೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಮಾಲು ಕೊಡಬೇಕೆಂದರೆ ರೈಲ್ವೆಯದೇ ಪೋರ್ಟಲ್ ಆದ ಐಆರ್‌ಇಪಿಎಸ್ ನೋಡಬೇಕು.

ಎಲ್ಲ ಕಡೆ ಒಂದೇ ಸಲ ನೋಂದಾಯಿಸಿ ಯಾವುದನ್ನೂ ನೋಡದೆ ಬಿಡುವವರೇ ಜಾಸ್ತಿ. ಅದರ ಬದಲು ಒಂದೇ ಪೋರ್ಟಲ್ ಆರಿಸಿ. ನಿಮ್ಮ ವಸ್ತುವಿನ ಹೆಸರು ಹಾಕಿ, ಹಿಂದೆ ಕರೆದ ಹತ್ತು ಟೆಂಡರ್ ತೆಗೆದು ಓದಿ. ಯಾರು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ, ಎಷ್ಟು ಟರ್ನೋವರ್ ಕೇಳುತ್ತಾರೆ, ಯಾವ ಟೆಸ್ಟ್ ರಿಪೋರ್ಟ್ ಬೇಕು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮುಂದಿನ ಹಂತಗಳಿಗೆಲ್ಲ ಈ ಪಟ್ಟಿಯೇ ಆಧಾರ.

ಹಂತ 2: ಉದ್ಯಮ್ ಸರ್ಟಿಫಿಕೇಟ್ ಸರಿಯಾಗಿದೆಯಾ?

ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಆಧಾರ್, ಪ್ಯಾನ್, ಜಿಎಸ್‌ಟಿ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಸರ್ಕಾರಿ ವೆಬ್‌ಸೈಟ್‌ನ ಹಾಗೇ ಕಾಣುವ ಖಾಸಗಿ ಸೈಟ್‌ಗಳು ಇದಕ್ಕೆ ಸಾವಿರಾರು ರೂಪಾಯಿ ವಸೂಲಿ ಮಾಡುತ್ತವೆ. ಹಣ ಕೇಳಿದ ಕೂಡಲೇ ಆ ಸೈಟ್ ಮುಚ್ಚಿಬಿಡಿ.

2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ. ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿಯವರೆಗೆ ಇದ್ದರೆ ಅತಿಸಣ್ಣ. 25 ಕೋಟಿ ಮತ್ತು 100 ಕೋಟಿಯವರೆಗೆ ಸಣ್ಣ. 125 ಕೋಟಿ ಮತ್ತು 500 ಕೋಟಿಯವರೆಗೆ ಮಧ್ಯಮ.

ಈ ಹಂತದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಕೇಂದ್ರದ 2012ರ ಖರೀದಿ ನೀತಿಯ ಲಾಭ ಸಿಗುವುದು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ. ಮಧ್ಯಮ ಉದ್ಯಮಕ್ಕೆ ಅದರಡಿ ಇಎಂಡಿ (ಬಿಡ್ ಜೊತೆ ಕಟ್ಟುವ ಮುಂಗಡ ಠೇವಣಿ) ವಿನಾಯಿತಿ ಇಲ್ಲ. ಎರಡು, ಉದ್ಯಮ್ ಸರ್ಟಿಫಿಕೇಟ್‌ನಲ್ಲಿ ಚಟುವಟಿಕೆ 'ಟ್ರೇಡಿಂಗ್' ಎಂದಿದ್ದರೆ ಈ ನೀತಿಯ ಲಾಭ ಸಿಗುವುದಿಲ್ಲ. ಶೆಡ್‌ನಲ್ಲಿ ವೆಲ್ಡಿಂಗ್ ಮಾಡಿ ಮಾಲು ತಯಾರಿಸುವವರೂ, ಅರ್ಜಿ ತುಂಬಿದ ಹುಡುಗ ಆರಿಸಿದ ಕೋಡ್‌ನಿಂದಾಗಿ ಕಾಗದದಲ್ಲಿ ವ್ಯಾಪಾರಿಗಳಾಗಿ ಉಳಿದಿದ್ದಾರೆ. ಇವತ್ತೇ ಸರ್ಟಿಫಿಕೇಟ್ ತೆಗೆದು ನೋಡಿ. ಟೆಂಡರ್‌ಗೆ ಮೊದಲು ತಿದ್ದುವುದು ಸುಲಭ, ಬಿಡ್ ಬಿದ್ದ ಮೇಲೆ ತಿದ್ದಿ ಪ್ರಯೋಜನವಿಲ್ಲ. ಮೂರು, ಆ ನೀತಿ ಕೇಂದ್ರದ ಇಲಾಖೆ ಮತ್ತು ಕೇಂದ್ರ ಉದ್ದಿಮೆಗಳಿಗೆ ಸಂಬಂಧಿಸಿದ್ದು. ರಾಜ್ಯದ ಟೆಂಡರ್‌ನಲ್ಲಿ ಉದ್ಯಮ್ ತೋರಿಸಿ ಇಎಂಡಿ ಕಟ್ಟದೆ ಬಿಡ್ ಹಾಕಬೇಡಿ. ವಿನಾಯಿತಿ ಇದೆ ಎಂದು ಆ ಟೆಂಡರ್ ದಾಖಲೆಯಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಕಟ್ಟಲೇಬೇಕು.

ಕೇಂದ್ರದ ನೀತಿಯಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್-1 (ಎಲ್ಲರಿಗಿಂತ ಕಡಿಮೆ ರೇಟ್ ಹಾಕಿದವರು) ಆಗಿ, ನೀವು 114 ಹಾಕಿದ್ದೀರಿ ಎಂದುಕೊಳ್ಳಿ. ಶೇ 15ರ ಒಳಗೆ ಇರುವುದರಿಂದ, 100ಕ್ಕೆ ಇಳಿಯಲು ಒಪ್ಪಿದರೆ, ಭಾಗ ಮಾಡಲು ಬರುವ ಖರೀದಿಯಲ್ಲಿ ಕನಿಷ್ಠ ಶೇ 25ರಷ್ಟು ಸಣ್ಣ ಉದ್ಯಮಗಳಿಗೆ ಸಿಗಬೇಕು. ಎಲ್-1 ತಾನೇ ಸಣ್ಣ ಉದ್ಯಮವಾಗಿದ್ದರೆ ಇದು ಅನ್ವಯಿಸುವುದಿಲ್ಲ. ವರ್ಷದ ಒಟ್ಟು ಖರೀದಿಯಲ್ಲೂ ಶೇ 25 ಸಣ್ಣವರಿಂದ ಆಗಬೇಕು. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ಯಮಿಗಳಿಗೆ ಶೇ 4, ಮಹಿಳಾ ಉದ್ಯಮಿಗಳಿಗೆ ಶೇ 3 ಇದೆ. ಜೆಮ್‌ನಲ್ಲಿ ಬಿಡ್ ಹಾಕುವಾಗ ಈ ಆದ್ಯತೆ ಬೇಕು ಎಂದು ನೀವೇ ಟಿಕ್ ಮಾಡಬೇಕು. ಮರೆತರೆ ಆ ಬಿಡ್‌ನಲ್ಲಿ ಆದ್ಯತೆ ಕೈತಪ್ಪುತ್ತದೆ.

ಹಂತ 3: ಡಿಜಿಟಲ್ ಸಹಿ ಮತ್ತು ಒಂದು ನಂಬಿಕೆಯ ಕಂಪ್ಯೂಟರ್

ಕ್ಲಾಸ್ 3 ಡಿಎಸ್‌ಸಿ ಬೇಕು. ಕೊಳ್ಳುವಾಗ ಸಹಿ ಮತ್ತು ಎನ್‌ಕ್ರಿಪ್ಷನ್ ಎರಡೂ ಇರುವುದನ್ನೇ ಕೇಳಿ. ಬರೀ ಸಹಿಯದ್ದು ತೆಗೆದುಕೊಂಡು ಕೊನೆಯ ದಿನ ಬಿಡ್ ಸಲ್ಲಿಸಲಾಗದೆ ಕೂತವರಿದ್ದಾರೆ. ಅವಧಿ ಮುಗಿಯುವ ದಿನಾಂಕವನ್ನು ಆ ಸಹಿ ಇರುವ ಯುಎಸ್‌ಬಿ ಟೋಕನ್ ಮೇಲೇ ಪೆನ್ನಿನಿಂದ ಬರೆದು ಅಂಟಿಸಿ.

ಟೋಕನ್ ಮತ್ತು ಪಾಸ್‌ವರ್ಡ್ ಎರಡನ್ನೂ ಏಜೆಂಟ್ ಕೈಗೆ ಕೊಟ್ಟು ಮರೆಯಬೇಡಿ. ಅದು ನಿಮ್ಮ ಸಹಿ. ನಿಮಗೆ ಗೊತ್ತಿಲ್ಲದೆ ಹಾಕಿದ ಬಿಡ್‌ಗೂ ನೀವೇ ಹೊಣೆ. ಬೇರೆಯವರಿಂದ ಬಿಡ್ ತುಂಬಿಸಿದರೂ ಸಹಿ ಮಾಡುವ ಹೊತ್ತಿಗೆ ಪಕ್ಕದಲ್ಲಿ ನೀವು ಇರಬೇಕು.

ಹಂತ 4: ಖಾಯಂ ಫೈಲ್

ಟೆಂಡರ್ ಯಾವುದೇ ಇರಲಿ, ಕೇಳುವ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ. ಇವನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ನಲ್ಲಿಡಿ: ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಉದ್ಯಮ್, ಮೂರು ವರ್ಷದ ಐಟಿ ರಿಟರ್ನ್ ಮತ್ತು ಆಡಿಟ್ ವರದಿ, ಸಿಎ ಕೊಟ್ಟ ಟರ್ನೋವರ್ ಸರ್ಟಿಫಿಕೇಟ್, ಬ್ಯಾಂಕ್ ಸಾಲ್ವೆನ್ಸಿ (ಆರ್ಥಿಕ ಸಾಮರ್ಥ್ಯದ) ಪತ್ರ, ಪಿಎಫ್ ಮತ್ತು ಇಎಸ್‌ಐ ನೋಂದಣಿ, ಹಿಂದಿನ ಆರ್ಡರ್‌ಗಳ ಪ್ರತಿ, ಕೆಲಸ ಮುಗಿಸಿದ ಪ್ರಮಾಣಪತ್ರ, ಟೆಸ್ಟ್ ರಿಪೋರ್ಟ್, ಐಎಸ್‌ಒ ಅಥವಾ ಬಿಐಎಸ್ ಇದ್ದರೆ ಅವು. ಬೇರೆ ಕಂಪನಿಯ ಮಾಲು ಕೊಡುವವರಾದರೆ ತಯಾರಕರ ಅಧಿಕಾರ ಪತ್ರ ಬೇಕು, ಅದು ಪ್ರತಿ ಟೆಂಡರ್‌ಗೂ ಆ ಟೆಂಡರ್ ಸಂಖ್ಯೆ ಬರೆದು ಹೊಸದಾಗಿ ಬರಬೇಕು. ಕಟ್ಟಡ, ರಸ್ತೆಯಂಥ ಕಾಮಗಾರಿಗಾದರೆ ಗುತ್ತಿಗೆದಾರರ ದರ್ಜೆಯ ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಸಿಎ ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸಿಎ ಸಹಿಯ ಕೆಳಗೆ 18 ಅಂಕಿಯ ಯುಡಿಐಎನ್ ಸಂಖ್ಯೆ ಇರಲೇಬೇಕು, ಪರಿಶೀಲಿಸುವವರು ಅದನ್ನು ಆನ್‌ಲೈನ್‌ನಲ್ಲಿ ಹಾಕಿ ನೋಡುತ್ತಾರೆ. ನನ್ನ ಶುರುವಿನ ದಿನಗಳಲ್ಲಿ ಒಂದು ಘಟಕದ ಬಿಡ್ ಜೋಡಿಸಿದ್ದೆ. ಸುಮಾರು ಎಂಬತ್ತು ಪುಟ. ಸೀಲು, ಸಹಿ, ಪುಟಸಂಖ್ಯೆ ಎಲ್ಲ ಇತ್ತು. ಟರ್ನೋವರ್ ಪತ್ರದಲ್ಲಿ ಯುಡಿಐಎನ್ ಜಾಗ ಖಾಲಿ ಉಳಿದಿತ್ತು, ನಾನು ಗಮನಿಸಿರಲಿಲ್ಲ. ಬಿಡ್ ತಿರಸ್ಕೃತವಾಯಿತು. ಆಮೇಲೆ ಎರಡನೇ ಕವರ್‌ಗಳ ಪಟ್ಟಿ ನೋಡಿದರೆ ಗೆದ್ದವರ ರೇಟ್ ನಮ್ಮದಕ್ಕಿಂತ ಜಾಸ್ತಿ ಇತ್ತು. ಆ ಮಾಲೀಕರಿಗೆ ಫೋನ್ ಮಾಡಿ ಹೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ. ಅಂದಿನಿಂದ ಪ್ರತಿ ಸಿಎ ಪತ್ರದ ಯುಡಿಐಎನ್ ಅನ್ನು ನಾನೇ ಸೈಟ್‌ನಲ್ಲಿ ಹಾಕಿ ನೋಡಿದ ಮೇಲೆಯೇ ಸ್ಕ್ಯಾನ್ ಮಾಡುತ್ತೇನೆ.

ಹೆಸರು ಹೊಂದಾಣಿಕೆಯನ್ನೂ ನೋಡಿ. ಜಿಎಸ್‌ಟಿಯಲ್ಲಿ 'ಇಂಡಸ್ಟ್ರೀಸ್', ಬ್ಯಾಂಕ್ ಖಾತೆಯಲ್ಲಿ 'ಎಂಟರ್‌ಪ್ರೈಸಸ್', ಹಳೇ ಆರ್ಡರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅದು ಬೇರೆ ಸಂಸ್ಥೆ ಎಂದು ತೆಗೆದುಹಾಕಲು ಅವಕಾಶ ಸಿಗುತ್ತದೆ.

ಹಂತ 5: ಟೆಂಡರ್ ದಾಖಲೆಯನ್ನು ಈ ಕ್ರಮದಲ್ಲಿ ಓದಿ

ಮೊದಲ ಪುಟದಿಂದ ಓದಬೇಡಿ. ಮೊದಲು ಅರ್ಹತೆ ಓದಿ. ಟರ್ನೋವರ್, ಅನುಭವ, ಇಎಂಡಿ ಈ ಮೂರರಲ್ಲಿ ಯಾವುದಾದರೂ ಒಂದು ಹೊಂದದಿದ್ದರೂ ಅಲ್ಲಿಗೇ ಬಿಡಿ. ಕೇಂದ್ರದ ಟೆಂಡರ್‌ಗಳಲ್ಲಿ ಸಣ್ಣ ಉದ್ಯಮಕ್ಕೆ ಅನುಭವ ಮತ್ತು ಟರ್ನೋವರ್ ಸಡಿಲಿಕೆ ಕೊಟ್ಟಿರಬಹುದು. ಜೆಮ್ ಬಿಡ್ ದಾಖಲೆಯಲ್ಲಿ ಅದಕ್ಕೆ ಬೇರೆಯೇ ಸಾಲು ಇದ್ದು ಹೌದು ಅಥವಾ ಇಲ್ಲ ಎಂದು ಬರೆದಿರುತ್ತದೆ. ಕರ್ನಾಟಕದ, ನಿಗದಿತ ಮೊತ್ತದವರೆಗಿನ ಕಾಮಗಾರಿ ಟೆಂಡರ್‌ನಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲಾತಿ ಇದೆ. ಆ ಟೆಂಡರ್ ಯಾವ ವರ್ಗಕ್ಕೆ ಮೀಸಲು ಎಂಬುದನ್ನೂ ಈಗಲೇ ನೋಡಿ.

ಎರಡನೆಯದು ಸ್ಪೆಸಿಫಿಕೇಷನ್. ಮೂರನೆಯದು ಹಣ ಕೊಡುವ ಷರತ್ತು ಮತ್ತು ದಂಡ. ನಾಲ್ಕನೆಯದು ಡೆಲಿವರಿ ಪಟ್ಟಿ, ಇದು ಸಾಮಾನ್ಯವಾಗಿ ಕೊನೆಯ ಅನುಬಂಧದಲ್ಲಿ ಅಡಗಿರುತ್ತದೆ. 400 ಶಾಲಾ ಡೆಸ್ಕ್ ಎಂದು ಮೇಲೆ ಇರುತ್ತದೆ. ಅನುಬಂಧ ತೆರೆದರೆ ಯಾದಗಿರಿ ಜಿಲ್ಲೆಯ 32 ಶಾಲೆಗಳಿಗೆ ಬೇರೆ ಬೇರೆಯಾಗಿ ತಲುಪಿಸಿ, ಪ್ರತಿ ಮುಖ್ಯೋಪಾಧ್ಯಾಯರ ಸಹಿ ತರಬೇಕು ಎಂದಿರುತ್ತದೆ. ಆ ಒಂದು ಪುಟ ನಿಮ್ಮ ಲೆಕ್ಕವನ್ನೇ ಬದಲಿಸುತ್ತದೆ ಅಲ್ವಾ?

ಓದುತ್ತಾ ಒಂದು ಪಟ್ಟಿ ಮಾಡಿ. ಎಡಗಡೆ ಅವರು ಕೇಳಿದ್ದು, ನಡುವೆ ಅದು ಇರುವ ಪುಟ, ಬಲಗಡೆ ನಿಮ್ಮ ಯಾವ ಕಾಗದ ಅದಕ್ಕೆ ಉತ್ತರ. ಬಲಗಡೆ ಖಾಲಿ ಉಳಿದ ಸಾಲುಗಳೇ ನಿಮ್ಮ ಕೆಲಸ.

ಕೈಬಿಡಬೇಕಾದ ಟೆಂಡರ್‌ನ ಲಕ್ಷಣಗಳೂ ಇಲ್ಲೇ ಕಾಣುತ್ತವೆ. ಸ್ಪೆಸಿಫಿಕೇಷನ್‌ನಲ್ಲಿ ಒಂದೇ ಬ್ರ್ಯಾಂಡ್‌ಗೆ ಹೊಂದುವ ಅಳತೆಗಳು. ಮಾಲಿಗೆ ಸಂಬಂಧವೇ ಇಲ್ಲದ ಸರ್ಟಿಫಿಕೇಟ್. ಎರಡು ವಾರದಲ್ಲಿ ಮಾಡಲಾಗದ ಪ್ರಮಾಣಕ್ಕೆ ಎರಡೇ ವಾರದ ಗಡುವು. "ಹಣ ಬಿಡುಗಡೆಯಾದ ನಂತರ ಪಾವತಿ" ಎಂಬ ಸಾಲು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ಬೇಡ ಎನ್ನುತ್ತೇನೆ. ಮತ್ತೆ, ಯಾರಾದರೂ ಫೋನ್ ಮಾಡಿ "ಆರ್ಡರ್ ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್" ಎಂದರೆ ಆ ಮಾತನ್ನು ಅಲ್ಲೇ ಮುಗಿಸಿ.

ಹಂತ 6: ಪ್ರೀ-ಬಿಡ್‌ನಲ್ಲಿ ಬರೆದು ಕೇಳಿ

ಸಂಶಯವಿದ್ದರೆ, ಬಿಡ್ ಹಾಕುವ ಮೊದಲು ಖರೀದಿದಾರರು ಕರೆಯುವ ಪ್ರೀ-ಬಿಡ್ ಸಭೆಗೆ ಹೋಗಿ, ಪೋರ್ಟಲ್‌ನಲ್ಲಿ ಪ್ರಶ್ನೆ ಹಾಕಿ. ಬಾಯಿಮಾತಿನಲ್ಲಿ "ಪರವಾಗಿಲ್ಲ, ನಡೆಯುತ್ತೆ ಹಾಕಿ" ಎಂದರೆ ಅದಕ್ಕೆ ಬೆಲೆ ಇಲ್ಲ. ತಿದ್ದುಪಡಿಯಾಗಿ ಪ್ರಕಟವಾದರೆ ಮಾತ್ರ ಲೆಕ್ಕ. "ಷರತ್ತು ಸಡಿಲಿಸಿ" ಎನ್ನುವ ಬದಲು "ಈ 1.2 ಮಿಲಿಮೀಟರ್ ಟ್ಯೂಬ್ ಬದಲು 1.6 ಮಿಲಿಮೀಟರ್ ಒಪ್ಪುತ್ತೀರಾ" ಎಂದು ನಿರ್ದಿಷ್ಟವಾಗಿ ಕೇಳಿದರೆ ಉತ್ತರ ಸಿಗುವುದು ಹೆಚ್ಚು. ಬಿಡ್ ಸಲ್ಲಿಸುವ ಹಿಂದಿನ ದಿನ ತಿದ್ದುಪಡಿ ಬಂದಿದೆಯಾ ಎಂದು ಮತ್ತೊಮ್ಮೆ ನೋಡಿ.

ಹಂತ 7: ರೇಟ್ ಲೆಕ್ಕ

ಅದೇ ಡೆಸ್ಕ್ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಕ್ರಮ ಮುಖ್ಯ. ಕಬ್ಬಿಣ ಮತ್ತು ಹಲಗೆ 2,900, ಕೂಲಿ 650, ಪೇಂಟ್ ಮತ್ತು ಪ್ಯಾಕಿಂಗ್ 250. ಒಟ್ಟು 3,800. ತುಂಬಾ ಜನ ಇಲ್ಲಿಗೆ ನಿಲ್ಲಿಸಿ ಲಾಭ ಸೇರಿಸುತ್ತಾರೆ. ನಿಲ್ಲಿಸಬೇಡಿ. 32 ಶಾಲೆಗೆ ಲಾರಿ ಮತ್ತು ಹಮಾಲಿ 210, ತಪಾಸಣೆ 40, ಆರ್ಡರ್ ಸರಿಯಾಗಿ ಮುಗಿಸುತ್ತೀರಿ ಎಂದು ನಿಮ್ಮ ಪರ ಬ್ಯಾಂಕ್ ಕೊಡುವ ಗ್ಯಾರಂಟಿಯ ಖರ್ಚು 50. ಈಗ 4,100. ಹಣ ಬರಲು ನಾಲ್ಕು ತಿಂಗಳು ಹಿಡಿದರೆ ವರ್ಷಕ್ಕೆ ಶೇ 12ರ ಲೆಕ್ಕದಲ್ಲಿ ಬಡ್ಡಿ 164. ನಿಜವಾದ ಅಸಲು 4,264. ಶೇ 6 ಲಾಭ ಸೇರಿಸಿದರೆ ಸುಮಾರು 4,520.

ಇನ್ನು ಜಿಎಸ್‌ಟಿ. ಶೇ 18 ಸೇರಿದರೆ 5,334 ಹತ್ತಿರ. ಜೆಮ್‌ನಲ್ಲಿ ಹಾಕುವ ಬೆಲೆ ತೆರಿಗೆ, ಸಾಗಣೆ ಎಲ್ಲ ಸೇರಿದ್ದು. ಕೆಪಿಪಿಪಿ ಟೆಂಡರ್‌ಗಳಲ್ಲಿ ಅದು ಟೆಂಡರ್‌ನಿಂದ ಟೆಂಡರ್‌ಗೆ ಬೇರೆ. ಸೇರಿಸಿ ಹಾಕಬೇಕಾದಲ್ಲಿ ಮರೆತು 4,520 ಎಂದು ಹಾಕಿದಿರಿ ಎಂದುಕೊಳ್ಳಿ. ತೆರಿಗೆ ಕಳೆದು ನಿಮಗೆ ಉಳಿಯುವುದು ಸುಮಾರು 3,830. ಒಂದು ಡೆಸ್ಕ್‌ಗೆ 430 ರೂಪಾಯಿಗೂ ಹೆಚ್ಚು ಕೈಯಿಂದ ಹೋಗುತ್ತದೆ. 400 ಡೆಸ್ಕ್‌ಗೆ ಸುಮಾರು 1.73 ಲಕ್ಷ ನಷ್ಟ. ಆಗ ಹಿಂದೆ ಸರಿದರೆ ಇಎಂಡಿ ಹೋಗುತ್ತದೆ, ಕಪ್ಪುಪಟ್ಟಿಯ ಭಯ ಬೇರೆ. ಬಿಡ್ ಅವಧಿಯಲ್ಲಿ ಹಿಂದೆ ಸರಿಯುವುದು ತುಂಬಾ ದುಬಾರಿ. ಇಎಂಡಿ ಬದಲು ಘೋಷಣಾ ಪತ್ರ ಕೊಟ್ಟವರಿಗೂ ಮುಂದಿನ ಟೆಂಡರ್‌ಗಳಿಂದ ಅಮಾನತು ಆಗಬಹುದು.

ಹಂತ 8: ಅಪ್‌ಲೋಡ್

ಕೊನೆಯ ದಿನಾಂಕಕ್ಕಿಂತ ಎರಡು ದಿನ ಮೊದಲು ಸಲ್ಲಿಸಿ. ಇದರಲ್ಲಿ ರಾಜಿ ಬೇಡ. ಎನ್‌ಇಎಫ್‌ಟಿ ಮೂಲಕ ಕಟ್ಟಿದ ಇಎಂಡಿ ಪೋರ್ಟಲ್‌ಗೆ ತಲುಪಲು ಹೊತ್ತು ಬೇಕು. ಚಲನ್‌ನಲ್ಲಿರುವ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಅದು ಹೊಂದುವುದಿಲ್ಲ. ಗಡುವು ಲೆಕ್ಕವಾಗುವುದು ಸರ್ವರ್ ಗಡಿಯಾರದಲ್ಲಿ, ನಿಮ್ಮ ಕೈಗಡಿಯಾರದಲ್ಲಲ್ಲ.

ಸಿಪಿಪಿಪಿಯಲ್ಲಿ ರೇಟ್ ತುಂಬಲು ಕೊಡುವ ಎಕ್ಸೆಲ್ ಫೈಲ್‌ನ ಹೆಸರು ಬದಲಿಸಬೇಡಿ, ಸಾಲು ಸೇರಿಸಬೇಡಿ. ಟೆಕ್ನಿಕಲ್ ಕವರ್‌ನ ಯಾವ ಪುಟದಲ್ಲೂ ರೇಟ್ ಕಾಣಬಾರದು. ಹಳೇ ಕೊಟೇಷನ್ ಒಂದು ಅದರೊಳಗೆ ಸೇರಿಕೊಂಡರೂ ಬಿಡ್ ಬೀಳುತ್ತದೆ. ಅಪ್‌ಲೋಡ್ ಮಾಡಿದ ಪ್ರತಿ ಫೈಲನ್ನು ಮತ್ತೆ ಡೌನ್‌ಲೋಡ್ ಮಾಡಿ ತೆರೆದು ನೋಡಿ. ಖಾಲಿ ಪಿಡಿಎಫ್, ತಲೆಕೆಳಗಾದ ಪುಟ ಆಗ ಸಿಗುತ್ತವೆ. ಕೊನೆಗೆ ಸಲ್ಲಿಕೆಯ ರಸೀದಿ ಬಂದರೆ ಮಾತ್ರ ಮುಗಿದಂತೆ. 'ಸೇವ್' ಆದದ್ದು ಸಲ್ಲಿಕೆ ಅಲ್ಲ.

ಹಂತ 9: ಬಿಡ್ ತೆರೆದ ಮೇಲೆ

ದಿನಕ್ಕೆ ಎರಡು ಸಲ ಪೋರ್ಟಲ್ ಮತ್ತು ಇಮೇಲ್ ನೋಡಿ. ಸ್ಪಷ್ಟನೆ ಕೇಳಿದರೆ ಉತ್ತರ ಕೊಡಲು ಸಿಗುವ ದಿನಗಳು ಬಹಳ ಕಡಿಮೆ. ಟೆಕ್ನಿಕಲ್‌ನಲ್ಲಿ ತಿರಸ್ಕಾರವಾದರೆ ಕಾರಣ ಓದಿ, ನಿಮ್ಮ ಕಾಗದ ಇರುವ ಪುಟಸಂಖ್ಯೆ ಬರೆದು ಕೂಡಲೇ ಆಕ್ಷೇಪ ಸಲ್ಲಿಸಿ. ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್‌ನಡಿ ಮೇಲ್ಮನವಿಗೆ ಅವಕಾಶವಿದೆ, ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಸೋತಾಗಲೂ ಗೆದ್ದವರ ರೇಟನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 10: ಆರ್ಡರ್‌ನಿಂದ ಹಣದವರೆಗೆ

ಆರ್ಡರ್ ಬಂದ ದಿನ ಸಿಹಿ ಹಂಚುವ ಮೊದಲು ಮೂರು ದಿನಾಂಕ ಗುರುತಿಸಿ: ಗ್ಯಾರಂಟಿ ಕೊಡುವ ಗಡುವು, ತಪಾಸಣೆಗೆ ಕರೆಯುವ ದಿನ, ಡೆಲಿವರಿಯ ಕೊನೆ ದಿನ. ಬ್ಯಾಂಕ್ ಗ್ಯಾರಂಟಿ ಒಂದೇ ದಿನದಲ್ಲಿ ಸಿಗುವುದಿಲ್ಲ. ಬಿಡ್ ಹಾಕುವಾಗಲೇ ಬ್ಯಾಂಕ್ ಮ್ಯಾನೇಜರ್ ಜೊತೆ ಮಾತಾಡಿರಿ. ಗಡುವು ತಪ್ಪುವ ಹಾಗಿದ್ದರೆ ಮುಗಿಯುವ ಮೊದಲೇ ವಿಸ್ತರಣೆಗೆ ಬರೆದು ಕೇಳಿ.

ಮಾಲು ಇಳಿಸಿದ ಪ್ರತಿ ಜಾಗದಲ್ಲೂ ಚಲನ್ ಮೇಲೆ ಹೆಸರು, ಹುದ್ದೆ, ದಿನಾಂಕ, ಸೀಲು ನಾಲ್ಕೂ ಇರಲಿ. ಡ್ರೈವರ್ ಹತ್ತಿರ "ಸೀಲು ಇಲ್ಲದೆ ಬರಬೇಡ" ಎಂದು ಹೇಳಿ ಕಳಿಸಿ. ಒಂದು ಶಾಲೆಯ ಸಹಿ ಇಲ್ಲದೆ ಇಡೀ ಬಿಲ್ ನಿಂತಿದ್ದನ್ನು ನೋಡಿದ್ದೇನೆ. ಜೆಮ್‌ನಲ್ಲಾದರೆ ಖರೀದಿದಾರರು ಸಿಆರ್‌ಎಸಿ ಎಂಬ ಸ್ವೀಕೃತಿ ಪತ್ರ ಹೊರಡಿಸಬೇಕು. ಹಣ ಅದರ ಮೇಲೆ ಬರುವುದರಿಂದ ಅದರ ಬೆನ್ನು ಹತ್ತಿ.

ಒಪ್ಪಂದದ ಮೊತ್ತ 2.5 ಲಕ್ಷ ದಾಟಿದರೆ ಸರ್ಕಾರಿ ಕಚೇರಿ ಶೇ 2 ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಒಪ್ಪದೆ ಬಿಟ್ಟು ವರ್ಷಗಟ್ಟಲೆ ಆ ಹಣ ಮರೆತವರಿದ್ದಾರೆ.

ಹಣ ತಡವಾದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಜೊತೆಗಿದೆ. ಒಪ್ಪಂದದಲ್ಲಿ ಏನೇ ಇರಲಿ, ಮಾಲು ಸ್ವೀಕರಿಸಿದ ಮೇಲೆ 45 ದಿನಕ್ಕಿಂತ ಹೆಚ್ಚು ತಡ ಮಾಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ ಕೊಡಬೇಕು. ಇದೂ ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಮಾತ್ರ, ಹಾಗಾಗಿ ಒಪ್ಪಂದಕ್ಕೆ ಮೊದಲೇ ಉದ್ಯಮ್ ಕೈಯಲ್ಲಿರಲಿ. ಮೊದಲು ಇನ್‌ವಾಯ್ಸ್, ಸೀಲಾದ ಚಲನ್ ಸೇರಿಸಿ ಲಿಖಿತ ನೆನಪೋಲೆ ಕಳಿಸಿ, ಸ್ವೀಕೃತಿ ಪಡೆಯಿರಿ. ಎರಡು ನೆನಪೋಲೆಗೂ ಉತ್ತರ ಬರದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ, ಬಾಕಿ ಹಣದ ತಕರಾರು ತೀರಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಿ. ಅಲ್ಲಿ ನಿಮ್ಮ ಪರ ತೀರ್ಪು ಬಂದು, ಖರೀದಿದಾರರು ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಶೇ 75 ಹಣ ಠೇವಣಿ ಇಡಬೇಕು. ಗಿರಾಕಿ ಮುನಿಸಿಕೊಳ್ಳುತ್ತಾರೆ ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೆ ಕೂಲಿ ಕೊಡಬೇಕಾದ ಶನಿವಾರ ಯಾರಿಗೂ ಕಾಯುವುದಿಲ್ಲ. ಅರ್ಜಿ ಸಂಖ್ಯೆ ಬಂದ ಮೇಲೆ ಅದರ ಪ್ರತಿಯನ್ನು ಬಿಲ್ ಪಾಸ್ ಮಾಡುವ ಲೆಕ್ಕಪತ್ರ ವಿಭಾಗಕ್ಕೂ ಒಂದು ಕೊಡಿ, ಕಡತ ನಿಂತಿರುವುದು ಹೆಚ್ಚಾಗಿ ಅದೇ ಮೇಜಿನ ಮೇಲೆ.